ಸುಟ್ಟ ಆಯಿಲ್ ಬಾಟಲಿ

ಆ ಡಿಸೆಂಬರ್ ಪೂರ್ತಿ ನಾನು ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋದೆ. ಬಾಗಲಕೋಟೆಯ ಚಳಿ ಅಂದರೆ ಬೆಳಗ್ಗೆ ಎರಡು ತಾಸು, ಅಷ್ಟೇ. ಹನ್ನೊಂದಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ. ಸ್ಟಾಫ್ ರೂಮಿನಲ್ಲಿ "ಜ್ವರ ಬಂದಾವೇನ್ರಿ ಟೀಚರ್?" ಅಂತ ಕೇಳಿದರೆ ಹೂಂ ಅಂದುಬಿಡುತ್ತಿದ್ದೆ. ಸ್ವೆಟರ್ ಒಳಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗುಳ್ಳೆ. ಹೊಟ್ಟೆಯ ಮೇಲೂ ಇದ್ದವು. ಮಕ್ಕಳಿಗೆ ಸ್ವಚ್ಛತೆಯ ಪಾಠ ಮಾಡುವವಳಿಗೇ ಕಜ್ಜಿ ಅಂತ ಗೊತ್ತಾದರೆ ಏನು ಗತಿ?

ಗುಳ್ಳೆ ಬಂದದ್ದು ಚಿನ್ನಿಯಿಂದ. ಚಿನ್ನಿ ನಮ್ಮ ಮುಧೋಳ ನಾಯಿ. ಮುಧೋಳದ ಹತ್ತಿರ ಇರುವ ಸಂಬಂಧಿಕರ ತೋಟದಿಂದ ಮರಿ ತಂದು ನಾಲ್ಕು ವರ್ಷ ಆಗಿತ್ತು. ಉದ್ದ ಮುಖ, ಒಳಗೆ ಸರಿದ ಹೊಟ್ಟೆ, ಜೋಳದ ದಂಟಿನಂಥ ಕಾಲು. ನಮ್ಮ ಜಿಲ್ಲೆಯವರಿಗೆ ಈ ಜಾತಿ ಅಂದರೆ ಎದೆ ಉಬ್ಬುತ್ತದೆ. ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ನಾಯಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ಸೈನ್ಯಕ್ಕೆ ಸೇರಿದ ನಾಯಿ ಅಂತ ಹೇಳುತ್ತಲೇ ಇರುತ್ತೇವೆ. ಆದರೆ ಅದರ ಕೂದಲು ಬಹಳ ಗಿಡ್ಡ. ಬೇರೆ ನಾಯಿಗಳಲ್ಲಿ ಮುಚ್ಚಿಹೋಗುವ ಗಾಯ ಇದರಲ್ಲಿ ಬೀದಿಯ ಆ ತುದಿಯಿಂದಲೇ ಕಾಣುತ್ತದೆ.

ದೀಪಾವಳಿ ಮುಗಿದ ಮೇಲೆ ಶುರುವಾಯಿತು. ಮೊದಲು ಕಿವಿಯ ಅಂಚು. ಅಲ್ಲಿ ಕೂದಲು ಹೋಗಿ ರವೆ ಮೆತ್ತಿದಂತೆ ಹೆಕ್ಕಳೆ ಬಂತು. ಆಮೇಲೆ ಮೊಣಕೈ, ಹಿಂಗಾಲಿನ ಹಿಮ್ಮಡಿ, ಹೊಟ್ಟೆ. ರಾತ್ರಿಯೆಲ್ಲ ಪರಪರ ಕೆರೆದುಕೊಳ್ಳುವ ಸದ್ದು. ನಾನು ಉಣ್ಣಿ ಇರಬೇಕು ಅಂತ ಹುಡುಕಿದೆ. ಒಂದೂ ಸಿಗಲಿಲ್ಲ. ಎದುರು ಮನೆಯವರು ಗೇಟಿನಿಂದಲೇ ನೋಡಿ, "ಒರಿಜಿನಲ್ ಬ್ಯಾಟಿ ನಾಯಿಗೆ ಹುರುಕ ಹತ್ತಂಗಿಲ್ರಿ. ನಿಮ್ದು ಮಿಕ್ಸ್ ಇರಬೇಕು" ಅಂದರು. ನನಗೆ ರೋಗಕ್ಕಿಂತ ಆ ಮಾತೇ ಜಾಸ್ತಿ ಚುಚ್ಚಿತು. ನಾಯಿಯನ್ನು ಹಿತ್ತಲಿಗೆ ಕಟ್ಟಿದೆ. ದವಾಖಾನೆಗೆ ಒಯ್ಯಬೇಕಾದರೆ ನಾಲ್ಕು ಜನರ ಕಣ್ಣಿಗೆ ಬೀಳಬೇಕಲ್ಲ ಅಂತ ಮೂರು ವಾರ ತಳ್ಳಿದೆ.

ಸ್ಕೂಟಿ ಸರ್ವಿಸ್‌ಗೆ ಬಿಡಲು ಹೋದಾಗ ಗ್ಯಾರೇಜಿನವನ ಹತ್ತಿರ ಬಾಯಿ ಬಿಟ್ಟೆ. ಅವನಿಗೆ ಯಾವ ಅನುಮಾನವೂ ಇರಲಿಲ್ಲ. "ಸುಟ್ಟ ಆಯಿಲ್ ಹಚ್ಚ್ರಿ ಅಕ್ಕಾರ. ನಮ್ಮ ಮರಿಗೆ ಹಚ್ಚಿದ್ವಿ, ತಿಂಗಳದಾಗ ಕೂದ್ಲ ಹೆಂಗ್ ಬಂದಾವ ಅಂತೀರಿ!" ಅಂತ ಒಂದು ನೀರಿನ ಬಾಟಲಿಯ ತುಂಬ, ಗಾಡಿಯ ಎಂಜಿನ್ನಿಂದ ತೆಗೆದ ಹಳೇ ಕರಿ ಎಣ್ಣೆ ಸುರಿದು ಕೊಟ್ಟ. ದುಡ್ಡು ಬೇಡ ಅಂದ. ಒಳ್ಳೆ ಮನುಷ್ಯ. ನಾನು ಬಿ.ಎಸ್‌ಸಿ. ಓದಿದವಳು. ಆದರೂ ಶನಿವಾರ ಸಂಜೆ ಹಳೇ ಬಟ್ಟೆಯಲ್ಲಿ ಅದ್ದಿ ನಾಯಿಯ ಮೈಗೆಲ್ಲ ಬಳಿದೆ. ಚಿನ್ನಿ ಸುಮ್ನೆ ನಿಂತಿತ್ತು. ಅದಕ್ಕೆ ನನ್ನ ಮೇಲೆ ಅಷ್ಟು ನಂಬಿಕೆ.

ರಾತ್ರಿ ಒಂದೂವರೆಗೆ ವಾಂತಿಯ ಸದ್ದಿಗೆ ಎಚ್ಚರವಾಯಿತು. ಹೊಟ್ಟೆ, ಕಾಲು, ನೆಕ್ಕಲು ಸಿಕ್ಕಿದ್ದನ್ನೆಲ್ಲ ನೆಕ್ಕಿತ್ತು. ಮೈ ಗಡಗಡ ನಡುಗುತ್ತಿತ್ತು. ಪರಿಚಯದ ಪಶುವೈದ್ಯರೊಬ್ಬರಿಗೆ ಆ ಹೊತ್ತಿನಲ್ಲಿ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಪಾತ್ರಿ ತೊಳಿಯೋ ಲಿಕ್ವಿಡ್ ಐತೇನ್ರಿ ಮನ್ಯಾಗ?" ಅಂತ ಕೇಳಿದರು. ಉಗುರು ಬೆಚ್ಚಗಿನ ನೀರಲ್ಲಿ, ನೊರೆ ಬೆಳ್ಳಗಾಗುವವರೆಗೆ ತೊಳೆಯಿರಿ, ಒಣಗಿಸಿ, ಕಂಬಳಿ ಹೊದಿಸಿ, ನೆಕ್ಕಲು ಬಿಡಬೇಡಿ, ಬೆಳಗ್ಗೆ ಕರೆದುಕೊಂಡು ಬನ್ನಿ ಅಂದರು. ನಾನು ಮತ್ತು ಅವ್ವ ಐದು ಸಲ ತೊಳೆದೆವು. ಬಚ್ಚಲ ಕಲ್ಲು ಇವತ್ತಿಗೂ ಒಂದು ಮೂಲೆಯಲ್ಲಿ ಕಪ್ಪಗಿದೆ.

ಭಾನುವಾರ ಬೆಳಗ್ಗೆ ಆಟೋದಲ್ಲಿ ಹೊರಟೆವು. ಕಬ್ಬು ಕಡಿಯುವ ಹಂಗಾಮು. ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ಅವುಗಳ ಹಿಂದೆ ಕುಂಟುತ್ತಾ ಹೋಗುವಾಗ ಚಿನ್ನಿಯ ತಲೆ ನನ್ನ ತೊಡೆಯ ಮೇಲಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿ ಮೂಗು ಮುಚ್ಚಿಕೊಂಡ.

ಡಾಕ್ಟರು ಮೊದಲು ಒಸಡು ನೋಡಿದರು, ಜ್ವರ ನೋಡಿದರು, ರಕ್ತ ತೆಗೆದರು. ಆ ಎಣ್ಣೆ ಚರ್ಮದಿಂದಲೂ ಒಳಗೆ ಹೋಗುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ, ಯಕೃತ್ತು ಮತ್ತು ಕಿಡ್ನಿಗೆ ಪೆಟ್ಟು ಬೀಳಬಹುದು ಅಂದರು. ಆಮೇಲೆ ಒಂದು ಕೆಲಸ ಮಾಡಿದರು. ಚಿನ್ನಿಯ ಕಿವಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರು. ಅದರ ಹಿಂಗಾಲು ತಾನಾಗಿ ಎದ್ದು ಗಾಳಿಯಲ್ಲೇ ಸೈಕಲ್ ತುಳಿಯತೊಡಗಿತು. ಉಜ್ಜುವುದು ನಿಲ್ಲಿಸಿದರೆ ಕಾಲೂ ನಿಲ್ಲುತ್ತದೆ. ಮತ್ತೆ ಉಜ್ಜಿದರೆ ಮತ್ತೆ ಶುರು. ನನಗೆ ಅಂಥ ಹೊತ್ತಲ್ಲೂ ನಗು ಬಂತು.

"ಕಾಲ ಹಿಂಗ ಎತ್ತೂದು ನೋಡಿದ್ರ ಕಜ್ಜಿನ ಇರಬೇಕು. ಹಂಗಾರ ನಿಮಗೂ ಕಡಿಯಾಕತ್ತಿರಬೇಕಲ್ಲ?" ಅಂದರು, ನನ್ನ ಸ್ವೆಟರ್ ಕಡೆ ನೋಡಿ.

ತೋಳು ಮೇಲೆ ಸರಿಸಿದೆ. ಅವ್ವ ಮೊದಲ ಸಲ ನೋಡಿದ್ದು ಆಗಲೇ. "ನನಗರೆ ಹೇಳಬಾರದೇನ?" ಅಂದಳು.

ಬ್ಲೇಡಿಗೆ ಒಂದು ಹನಿ ಪ್ಯಾರಾಫಿನ್ ಎಣ್ಣೆ ಹಾಕಿ, ಕಿವಿಯಂಚು ಮತ್ತು ಮೊಣಕೈಯ ಚರ್ಮವನ್ನು ಸ್ವಲ್ಪ ರಕ್ತ ಜಿನುಗುವ ತನಕ ಕೆರೆದರು. ಆ ಕೆರೆತವನ್ನು ಗಾಜಿನ ಪಟ್ಟಿಗೆ ಹಚ್ಚಿ ಮೈಕ್ರೋಸ್ಕೋಪ್ ಕೆಳಗಿಟ್ಟರು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಇದು ಹೀಗೇ, ಮೈತುಂಬ ಕಜ್ಜಿ ಇದ್ದರೂ ಎಷ್ಟೋ ಸಲ ಒಂದು ಹುಳವೂ ಕಣ್ಣಿಗೆ ಬೀಳುವುದಿಲ್ಲ, ಹಾಗಂತ ರೋಗ ಇಲ್ಲ ಅನ್ನುವಂತಿಲ್ಲ ಅಂದರು. ನಾಲ್ಕನೆಯದರಲ್ಲಿ ಸಿಕ್ಕಿತು. "ಬರ್ರಿ ಸೈನ್ಸ್ ಟೀಚರ್, ನೋಡ್ರಿ" ಅಂದರು.

ಇಪ್ಪತ್ತು ವರ್ಷ ಮಕ್ಕಳಿಗೆ ಈರುಳ್ಳಿ ಸಿಪ್ಪೆ ತೋರಿಸಿದ್ದೇನೆ. ಇಂಥದ್ದು ನೋಡಿರಲಿಲ್ಲ. ದುಂಡಗೆ, ಆಮೆಯ ಹಾಗೆ. ಎಂಟು ಮೋಟು ಕಾಲು. ಎಣ್ಣೆಯಲ್ಲಿ ಈಜುತ್ತಾ ಅತ್ತಿತ್ತ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಒಂದು ಮೊಟ್ಟೆ. ಅರ್ಧ ಮಿಲಿಮೀಟರೂ ಇಲ್ಲದ ಈ ನುಸಿಯ ಹೆಸರು ಸಾರ್ಕಾಪ್ಟಿಸ್. ಹೆಣ್ಣು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತಾ ಹೋಗುತ್ತದೆ. ಮೊಟ್ಟೆ ಬೆಳೆದು ದೊಡ್ಡ ಹುಳ ಆಗಲು ಎರಡು ಮೂರು ವಾರ ಸಾಕು. ಮನುಷ್ಯರ ಮೈಗೂ ಹತ್ತುತ್ತದೆ, ಕಡಿಯುತ್ತದೆ, ಆದರೆ ನಾಯಿಯ ನುಸಿಗೆ ನಮ್ಮ ಚರ್ಮದಲ್ಲಿ ಸಂಸಾರ ಬೆಳೆಸಲು ಬರುವುದಿಲ್ಲ. ನಾಯಿ ವಾಸಿಯಾದರೆ ನಮ್ಮದೂ ತಾನೇ ಹೋಗುತ್ತದೆ.

ನಾನು ಗ್ಯಾರೇಜಿನವನ ಮರಿಯ ಕಥೆ ಹೇಳಿದೆ. ಆಯಿಲ್ ಹಚ್ಚಿದ ಮೇಲೆ ಅದು ಹೇಗೆ ಗುಣವಾಯಿತು? ಡಾಕ್ಟರು ಇನ್ನೊಂದು ಹುಳದ ಬಗ್ಗೆ ಹೇಳಿದರು. ಅದು ಡೆಮೋಡೆಕ್ಸ್. ಎಳೆ ಗಜ್ಜರಿಯ ಹಾಗೆ ಉದ್ದಕ್ಕಿದ್ದು ಕೂದಲಿನ ಬುಡದಲ್ಲಿ ವಾಸಿಸುತ್ತದೆ. ಹಾಲು ಕುಡಿಯುವಾಗಲೇ ತಾಯಿಯಿಂದ ಮರಿಗೆ ಬಂದಿರುತ್ತದೆ. ಆರೋಗ್ಯವಾಗಿರುವ ನಾಯಿಯ ಮೈಯಲ್ಲೂ ಸುಮ್ಮನೆ ಇದ್ದುಬಿಡುತ್ತದೆ. ಮರಿಯ ಶಕ್ತಿ ಕುಂದಿದಾಗ ಕಣ್ಣಿನ ಸುತ್ತ, ಬಾಯಿಯ ಹತ್ತಿರ ಅಲ್ಲಲ್ಲಿ ಕೂದಲು ಉದುರುತ್ತದೆ, ತುರಿಕೆ ಅಷ್ಟಾಗಿ ಇರುವುದಿಲ್ಲ. ಹಾಗೆ ಒಂದೆರಡು ಕಡೆ ಮಾತ್ರ ಇದ್ದರೆ ಬಹಳಷ್ಟು ಮರಿಗಳಲ್ಲಿ ಒಂದೆರಡು ತಿಂಗಳಲ್ಲಿ ತಾನೇ ಹೋಗುತ್ತದೆ. ನೀವು ಆಯಿಲ್ ಹಚ್ಚಿ, ಅರಿಶಿನ ಹಚ್ಚಿ, ಏನೂ ಹಚ್ಚದೆ ಬಿಡಿ. ಹೆಸರು ಮಾತ್ರ ಆಯಿಲ್‌ಗೆ.

ಔಷಧಿಯ ಮಾತು ಬಂತು. ದನಗಳ ಉಣ್ಣಿಗೆ ಬಳಸುವ ಅಮಿಟ್ರಾಜ್ ಅನ್ನು ನೀರಿಗೆ ಬೆರೆಸಿ ಮೈ ತೊಯಿಸುವುದು ಒಂದು ದಾರಿ. ಆದರೆ ಸಕ್ಕರೆ ಕಾಯಿಲೆ ಇದ್ದವರು ಅದನ್ನು ಮುಟ್ಟಬಾರದು. ಅವ್ವನಿಗೆ ಶುಗರ್ ಇದೆ, ಚಿನ್ನಿ ಮಲಗುವುದು ಅವಳ ಮಂಚದ ಕೆಳಗೆ. ಅದನ್ನು ಬಿಟ್ಟೆವು. ಚರ್ಮದ ಕೆಳಗೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಸರಿ ಅನ್ನಿಸಿತು. ಆದರೆ ಅವತ್ತೇ ಕೊಡಲಿಲ್ಲ. ರಕ್ತದ ವರದಿ ಬಂದು, ವಾಂತಿ ನಿಂತು, ನಾಯಿ ಸರಿಯಾಗಿ ಉಂಡ ಮೇಲೆ ಮೂರನೆಯ ದಿನ ಕೊಟ್ಟರು. ಎರಡು ವಾರಕ್ಕೊಂದರಂತೆ ಮೂರು ಸಲ. ಮೊಟ್ಟೆಗಳು ಈ ಔಷಧಿಗೆ ಸಾಯುವುದಿಲ್ಲ, ಒಡೆದು ಹೊರಬಂದವನ್ನು ಹಿಡಿಯಲು ಮತ್ತೆ ಮತ್ತೆ ಕೊಡಬೇಕು. ಕುರಿಗೆ ಹಾಕುವ ಔಷಧಿಯೇ ಇದು. ಅದಕ್ಕೇ ಕೆಲವರು ಅಂಗಡಿಯಿಂದ ತಂದು ಅಂದಾಜಿನ ಮೇಲೆ ಚುಚ್ಚಿಬಿಡುತ್ತಾರೆ. ನಾಯಿಗೆ ಬೇಕಾಗುವುದು ಮಿಲಿಲೀಟರಿನ ಒಂದು ಚೂರು. ತೂಕ ನೋಡಿ ಲೆಕ್ಕ ಹಾಕಬೇಕು. ಕೋಲಿಯಂಥ ಕೆಲವು ಜಾತಿಯ ನಾಯಿಗಳಿಗೆ ಅಷ್ಟೂ ವಿಷವೇ.

ಮನೆಗೆ ಬಂದು ಆ ಔಷಧಿಯ ಬಗ್ಗೆ ಓದಿದೆ. ಅದರ ಮೂಲ ಜಪಾನಿನ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿ. ಆ ಔಷಧಿಯನ್ನು ಹುಡುಕಿದ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಸೋಮವಾರ ಒಂಬತ್ತನೇ ಕ್ಲಾಸಿಗೆ ಇದನ್ನೇ ಪಾಠ ಮಾಡಿದೆ, ಸ್ವೆಟರ್ ತೆಗೆದು. ಮುಂದಿನ ಬೆಂಚಿನವನೊಬ್ಬ "ಟೀಚರ್, ನಿಮಗ ಗೊಬ್ಬರ ಆಗೇತೇನ್ರಿ?" ಅಂದ. ನಮ್ಮ ಕಡೆ ದಡಾರಕ್ಕೆ ಹಾಗನ್ನುತ್ತಾರೆ. ಅಲ್ಲ, ನಾಯಿಯ ನುಸಿ ಅಂದೆ. ಹಿಂದಿನ ಬೆಂಚಿನವರೆಲ್ಲ ಎದ್ದು ನೋಡಲು ಬಂದರು.

ಮೊದಲ ಇಂಜೆಕ್ಷನ್ ಆದ ನಾಲ್ಕು ದಿನ ತುರಿಕೆ ಇನ್ನೂ ಜಾಸ್ತಿ ಆಯಿತು. ಸತ್ತ ಹುಳಗಳಿಗೂ ಚರ್ಮ ಸಿಟ್ಟಾಗುತ್ತದಂತೆ. ಹಾಸಿಗೆ ಬಟ್ಟೆ ಕುದಿಸುವುದು, ಕೌದಿ ಬಿಸಿಲಿಗೆ ಹಾಕುವುದು ಅವ್ವನ ಪಾಲಿಗೆ ಬಂತು.

ಇನ್ನೊಂದು ಕೆಲಸ ಉಳಿದಿತ್ತು. ಚಿನ್ನಿಗೆ ಎಲ್ಲಿಂದ ಹತ್ತಿತು? ಮೂಲೆಯ ಚಹಾ ಹೋಟೆಲಿನ ಒಲೆಯ ಬೂದಿಯಲ್ಲಿ ಮಲಗುವ ಒಂದು ಬೀದಿ ನಾಯಿ ಇತ್ತು. ಎಲ್ಲರೂ ಬೂದ್ಯಾ ಅನ್ನುತ್ತಿದ್ದರು. ಬೂದಿಯಿಂದ ಆ ಬಣ್ಣ ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ಅದು ಬೂದಿಯಲ್ಲ, ಚರ್ಮ. ಆನೆಯ ಚರ್ಮದಂತೆ ದಪ್ಪಗಾಗಿ ಬಿರಿದಿತ್ತು. ಚಿನ್ನಿ ದಿನಾ ಬೆಳಗ್ಗೆ ಅದರ ಮೂತಿ ಮೂಸದೆ ಮುಂದೆ ಹೋಗುತ್ತಿರಲಿಲ್ಲ. ಅದನ್ನು ಬಿಟ್ಟು ಇದಕ್ಕೊಂದಕ್ಕೇ ಔಷಧಿ ಕೊಟ್ಟರೆ ಯುಗಾದಿಗೆ ಮತ್ತೆ ಇಲ್ಲೇ ಬರುತ್ತೀರಿ ಅಂತ ಡಾಕ್ಟರು ಹೇಳಿದ್ದರು.

ಮೂರು ಸಲ ಹಿಡಿದು ಚುಚ್ಚುವುದು ಆಗದ ಮಾತು. ಅದಕ್ಕೆ ಫ್ಲುರಾಲನರ್ ಗುಳಿಗೆ ಬರೆದರು. 10ರಿಂದ 20 ಕಿಲೋ ತೂಕದ ನಾಯಿಗೆಲ್ಲ ಒಂದೇ ಅಳತೆ, ಒಮ್ಮೆ ನುಂಗಿದರೆ ಮೂರು ತಿಂಗಳು. ಬೆಲೆ ಕೇಳಿ ಎರಡು ನಿಮಿಷ ಮೆಡಿಕಲ್ ಅಂಗಡಿಯ ಮುಂದೆ ನಿಂತೆ. ಒಂದು ಸಾದಾ ಇಳಕಲ್ ಸೀರೆ ಬರುತ್ತಿತ್ತು. ತಂದೆ.

ಬೂದ್ಯಾ ಇಡ್ಲಿ ತಿಂದು ಗುಳಿಗೆ ಉಗುಳಿತು. ಮೊಟ್ಟೆ ತಿಂದು ಗುಳಿಗೆ ಉಗುಳಿತು. ಹೋಟೆಲಿನವನು ಅಮೀನಗಡದ ಕರದಂಟು ತಂದ, ಅದಕ್ಕೆ ಅಂಟಿದ್ದು ಬಿಡಂಗಿಲ್ಲ ಅಂತ. ಕರದಂಟಿನಲ್ಲಿ ಒಣದ್ರಾಕ್ಷಿ ಇರುತ್ತದೆ, ನಾಯಿಯ ಕಿಡ್ನಿಗೆ ಅದು ಕೆಟ್ಟದ್ದು. ಬೇಡ ಅಂದೆ. ಕರದಂಟನ್ನು ನಾವಿಬ್ಬರೇ ತಿಂದೆವು. ಕೊನೆಗೆ ಮಟನ್ ಅಂಗಡಿಯ ಒಂದು ತುಂಡು ಕಲೇಜಿಯನ್ನು ಸೀಳಿ ಒಳಗಿಟ್ಟು ಎಸೆದೆ. ಗಾಳಿಯಲ್ಲೇ ಹಿಡಿದು ನುಂಗಿತು. ನುಂಗಿತೋ ಇಲ್ಲವೋ ಅಂತ ಅರ್ಧ ತಾಸು ಕಾದೆವು. ಬೂದಿಯಲ್ಲಿ ಸುತ್ತಿ ಮಲಗಿಬಿಟ್ಟಿತು.

ಸಂಕ್ರಾಂತಿಯ ಹೊತ್ತಿಗೆ ನನ್ನ ಗುಳ್ಳೆ ಒಣಗಿದ್ದವು. ಮೂರನೆಯ ಇಂಜೆಕ್ಷನ್ ಹೊತ್ತಿಗೆ ಚಿನ್ನಿಯ ಕಿವಿಯ ಮೇಲೆ ಪೀಚ್ ಹಣ್ಣಿನ ಮೇಲಿರುವಂಥ ಸಣ್ಣ ತುಪ್ಪಳ. ಡಾಕ್ಟರು ಕಿವಿ ಉಜ್ಜಿದರು. ಕಾಲು ಏಳಲಿಲ್ಲ. ಫೆಬ್ರವರಿಯಲ್ಲಿ ಬೂದ್ಯಾನಿಗೂ ಕೂದಲು ಬಂತು. ಕೆಂಚು ನಾಯಿ ಅದು! ಹೆಸರು ಮಾತ್ರ ಹಾಗೇ ಉಳಿಯಿತು.

ಮೊನ್ನೆ ಚಿನ್ನಿಯನ್ನು ಸ್ಕೂಟಿಯ ಮುಂದೆ ಕೂರಿಸಿಕೊಂಡು ಗ್ಯಾರೇಜ್ ದಾಟುತ್ತಿದ್ದೆ. ಅವನು ಪಾನಾ ಕೆಳಗಿಟ್ಟು ಓಡಿಬಂದ. ಚಿನ್ನಿಯ ಬೆನ್ನು ಸವರಿ, "ನಾ ಹೇಳಿದ್ನಿಲ್ರಿ ಅಕ್ಕಾರ? ಆಯಿಲ್ ಅಂದ್ರ ಆಯಿಲ್!" ಅಂದ. ಮುಖದಲ್ಲಿ ಎಂಥ ಖುಷಿ. ಹಿಂದೆ ಕಟ್ಟೆಯ ಮೇಲೆ ಒಬ್ಬ ಹುಡುಗ ಕೂತಿದ್ದ. ಕಾಲ ಹತ್ತಿರ ದಾರ ಕಟ್ಟಿದ ಒಂದು ಮರಿ. ಕೈಯಲ್ಲಿ ಕರಿ ಎಣ್ಣೆ ತುಂಬಿದ ನೀರಿನ ಬಾಟಲಿ.

ನಾನು ಸ್ಕೂಟಿ ಸ್ಟ್ಯಾಂಡ್ ಹಾಕಿ ಇಳಿದೆ.