ಮರಳಿನ ಚೀಲ ಕೂರಿಸಿಕೊಂಡು ಬಂದ ದಾರಿ

ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿನ ಹಳೆಯ ವಾಹನಗಳ ವ್ಯಾಪಾರಿಯೊಬ್ಬರಿಂದ ಸೈಡ್‌ಕಾರ್, ಅಂದರೆ ಪಕ್ಕದಲ್ಲಿ ಒಬ್ಬರು ಕೂರುವ ಒಂಟಿಚಕ್ರದ ತೊಟ್ಟಿ, ಜೋಡಿಸಿದ ಬುಲೆಟ್ ಒಂದನ್ನು ಕೊಂಡು, ಎರಡು ದಿನ ಓಡಿಸಿ, ಮಂಡಗದ್ದೆಯಿಂದ ತೀರ್ಥಹಳ್ಳಿಯ ಕಡೆಗಿರುವ ನಮ್ಮ ಮನೆಗೆ ತಂದೆ. ಆ ಎರಡು ದಿನಗಳಲ್ಲಿ ಕಲಿತದ್ದನ್ನು ಮರೆಯುವ ಮೊದಲು ಬರೆದಿಡಬೇಕೆಂದು ಕುಳಿತಿದ್ದೇನೆ. ಇಪ್ಪತ್ತು ವರ್ಷಗಳಿಂದ ಮೋಟಾರ್‌ಸೈಕಲ್ ಓಡಿಸುತ್ತಿರುವ ನನಗೆ, ಪಕ್ಕಕ್ಕೊಂದು ಚಕ್ರ ಸೇರಿದ ಮಾತ್ರಕ್ಕೆ ಓಡಿಸುವ ವಿದ್ಯೆಯನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಇದನ್ನು ಕೊಂಡದ್ದು ಅಪ್ಪಯ್ಯನಿಗಾಗಿ. ಮೂರು ವರ್ಷಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲುಗಳ ಬಲ ಅರ್ಧಕ್ಕಿಂತ ಕಡಿಮೆಯಾಯಿತು. ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ, ಆದರೆ ಬೈಕಿನ ಹಿಂದೆ ಕಾಲು ಹಾಕಿ ಕೂರಲು ಆಗುವುದಿಲ್ಲ. ಕಾರಿನಲ್ಲಿ ಕೂರಿಸಿದರೆ ನಮ್ಮ ಕಡೆಯ ತಿರುವುಗಳಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ವಾಂತಿಯಾಗುತ್ತದೆ. ಮೂವತ್ತು ವರ್ಷ ಬುಲೆಟ್ಟಿನಲ್ಲಿ ತೋಟ, ಮಂಡಿ, ಪೇಟೆ ಎಂದು ಓಡಾಡಿದವರು, ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದ ಮೇಲಿನ ತೋಟವನ್ನು ಎರಡು ಕೊನೆಕೊಯ್ಲು (ಅಡಿಕೆ ಗೊನೆಗಳ ಕೊಯ್ಲು) ಕಳೆದರೂ ನೋಡಿರಲಿಲ್ಲ. ಹಿಂದೆ ಸ್ಕೂಟರುಗಳಿಗೆ ಸೈಡ್‌ಕಾರ್ ಹಾಕಿಸಿಕೊಂಡು ಇಡೀ ಸಂಸಾರವನ್ನೇ ಕೂರಿಸಿಕೊಂಡು ಹೋಗುತ್ತಿದ್ದವರನ್ನು ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಕಂಡ ನೆನಪು ನನಗಿತ್ತು. ಬಾಗಿಲಿರುವ, ಹತ್ತಲು ತಗ್ಗಾದ ಸೈಡ್‌ಕಾರ್ ಹುಡುಕುತ್ತಾ ಆರು ತಿಂಗಳು ಕಳೆದ ಮೇಲೆ ಈ ಗಾಡಿ ಸಿಕ್ಕಿತು.

ಹಣ ಕೊಡುವ ಮೊದಲು ಕಾಗದಪತ್ರಗಳನ್ನು ಎರಡು ಸಲ ನೋಡಿದೆ. ವಾಹನದ ಮೂಲ ಸ್ವರೂಪವನ್ನು ಬದಲಾಯಿಸುವ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಆದ್ದರಿಂದ ಸೈಡ್‌ಕಾರ್ ಜೋಡಿಸಿರುವುದು ಆರ್‌ಸಿಯಲ್ಲಿ ನಮೂದಾಗಿದೆಯೇ, ವಿಮೆಯವರಿಗೂ ಅದು ಗೊತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಇಂಥ ಗಾಡಿಯನ್ನು ಯಾರೂ ಕೊಳ್ಳಬಾರದು. ಮಾಲೀಕತ್ವ ಬದಲಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡ ಮೇಲೆ ವ್ಯಾಪಾರಿಗಳು, ಲಾರಿಯಲ್ಲಿ ಹಾಕಿಸಿ ಕಳುಹಿಸುತ್ತೇನೆ, ನೀವು ಬಸ್ಸಿನಲ್ಲಿ ಹೋಗಿ ಎಂದರು. ನಾನು ಒಪ್ಪಲಿಲ್ಲ. ಲಾರಿಯೊಳಗೆ ಹಗ್ಗ ಬಿಗಿಯುವಾಗ ಸೈಡ್‌ಕಾರನ್ನು ಬೈಕಿಗೆ ಹಿಡಿದಿರುವ ಸರಳುಗಳ ಮೇಲೆ ಎಳೆತ ಬೀಳುತ್ತದೆ, ಅವು ಬಾಗಿದರೆ ಗಾಡಿ ಮತ್ತೆ ನೇರ ಓಡುವುದಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಅಪ್ಪಯ್ಯ ಅದರಲ್ಲಿ ಕೂರುವ ಮೊದಲೇ ನಾನು ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಬೇಕಿತ್ತು. ಅದಕ್ಕೆ ದಾರಿಯೇ ಬೇಕು.

ಹೊರಡುವ ಹಿಂದಿನ ದಿನ, ಇನ್ನೂ ಮನೆಗಳು ಏಳದ ಒಂದು ಖಾಲಿ ಲೇಔಟಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಓಡಿಸಿದೆ. ನಮ್ಮ ದೇಶದಲ್ಲಿ ಎಡಗಡೆ ಸಂಚಾರವಾದ್ದರಿಂದ ಸೈಡ್‌ಕಾರ್ ಬೈಕಿನ ಎಡಕ್ಕಿರುತ್ತದೆ. ಎಂಜಿನ್ ತಳ್ಳುವುದು ಬೈಕನ್ನು, ಸೈಡ್‌ಕಾರ್ ಬರಿದೇ ಎಳೆಸಿಕೊಳ್ಳುತ್ತದೆ. ಹಾಗಾಗಿ ವೇಗ ಹೆಚ್ಚಿಸಿದಾಗ ಗಾಡಿ ಎಡಕ್ಕೆ ತಿರುಗಲು ನೋಡುತ್ತದೆ. ಬ್ರೇಕ್ ಹಾಕಿದಾಗ ಬೈಕು ನಿಧಾನವಾದರೂ ಬ್ರೇಕಿಲ್ಲದ ಸೈಡ್‌ಕಾರ್ ತನ್ನ ಓಟದಲ್ಲೇ ಮುಂದೆ ಸಾಗುತ್ತದೆ, ಆಗ ಮೂತಿ ಬಲಕ್ಕೆ, ಅಂದರೆ ಎದುರಿನಿಂದ ಬರುವ ವಾಹನಗಳ ಕಡೆಗೆ, ಹೊರಳುತ್ತದೆ. ಬೈಕಿನಲ್ಲಿ ತಿರುವು ಬಂದರೆ ಮೈ ಬಾಗಿಸಿದರೆ ಸಾಕು. ಇದರಲ್ಲಿ ಗಾಡಿ ಬಾಗುವುದೇ ಇಲ್ಲ, ಎತ್ತಿನಗಾಡಿಯ ನೊಗ ತಿರುಗಿಸಿದಂತೆ ಹ್ಯಾಂಡಲನ್ನು ತೋಳಿನ ಬಲದಿಂದ ತಿರುಗಿಸಬೇಕು. ಇಪ್ಪತ್ತು ವರ್ಷ ಮೈಗೆ ಅಂಟಿದ ಅಭ್ಯಾಸ ಒಂದು ಮಧ್ಯಾಹ್ನದಲ್ಲಿ ಹೋಗಲಿಲ್ಲ, ಎರಡು ಸಲ ನೇರವಾಗಿ ಚರಂಡಿಯ ಅಂಚಿನವರೆಗೆ ಹೋಗಿ ನಿಂತೆ.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಎಡ ತಿರುವು. ಖಾಲಿ ಸೈಡ್‌ಕಾರಿಟ್ಟುಕೊಂಡು ಎಡಕ್ಕೆ ಸ್ವಲ್ಪ ಜೋರಾಗಿ ತಿರುಗಿಸಿದರೆ ಭಾರವೆಲ್ಲ ಬಲಕ್ಕೆ ಸರಿದು ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಮೊದಲ ಸಲ ಅದು ಎದ್ದಾಗ ನನ್ನ ಎಡ ಮೊಣಕೈಯ ಪಕ್ಕದಲ್ಲಿ ಚಕ್ರ ಗಾಳಿಯಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದುದನ್ನು ಕಂಡೆ. ಹೆದರಿ ಬ್ರೇಕ್ ಅದುಮದೆ, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಹ್ಯಾಂಡಲನ್ನು ತುಸು ಬಲಕ್ಕೆ ಸಡಿಲಿಸಿದರೆ ಚಕ್ರ ತಾನಾಗಿ ಕೆಳಗಿಳಿಯುತ್ತದೆ. ಬೇಕೆಂದೇ ಹತ್ತಾರು ಸಲ ಎಬ್ಬಿಸಿ, ಇಳಿಸಿ, ಅದು ಏಳುವ ಮುನ್ನ ಸೀಟಿನ ಕೆಳಗೆ ಆಗುವ ಹಗುರವನ್ನು ಗುರುತಿಸುವವರೆಗೆ ಸುತ್ತಿದೆ. ಸಂಜೆ ಹತ್ತಿರದಲ್ಲಿ ಕಟ್ಟುತ್ತಿದ್ದ ಮನೆಯವರನ್ನು ಕೇಳಿ ಸಿಮೆಂಟ್ ಚೀಲವೊಂದಕ್ಕೆ ಮರಳು ತುಂಬಿಸಿ, ಅಲ್ಲೇ ತೂಗಿಸಿದಾಗ 52 ಕಿಲೋ ಬಂತು. ಆಸ್ಪತ್ರೆಯಲ್ಲಿ ಕೊನೆಯ ಸಲ ತೂಕ ನೋಡಿದಾಗ ಅಪ್ಪಯ್ಯ ಇದ್ದದ್ದೂ ಅಷ್ಟೇ. ಚೀಲವನ್ನು ಅವರು ಕೂರುವ ಜಾಗದಲ್ಲಿಟ್ಟು ಹಗ್ಗ ಬಿಗಿದೆ.

ಭಾನುವಾರ ಬೆಳಗಿನ ಜಾವ ಐದಕ್ಕೆ ಹೊರಟೆವು. ಭಾವ ತಮ್ಮ ಬೈಕಿನಲ್ಲಿ ಹಿಂದೆ ಬರುತ್ತಿದ್ದರು. ನೆಲಮಂಗಲ ದಾಟುವವರೆಗೆ ತೊಂದರೆಯಾಗಲಿಲ್ಲ. ತುಮಕೂರು ಬಿಟ್ಟು ಗುಬ್ಬಿಯ ದಾರಿ ಹಿಡಿಯುವ ಹೊತ್ತಿಗೆ ನನ್ನ ಬಲ ಭುಜ ಸುಡುತ್ತಿತ್ತು. ನೇರ ರಸ್ತೆಯಲ್ಲೂ ಗಾಡಿ ಒಂದೇ ಸಮನೆ ಎಡಕ್ಕೆ ಎಳೆಯುತ್ತಿತ್ತು. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳು ಮಧ್ಯದಿಂದ ಅಂಚಿಗೆ ಇಳಿಜಾರಾಗಿರುವುದರಿಂದ ಸ್ವಲ್ಪ ಎಳೆತ ಸಹಜ ಎಂದು ಸಮಾಧಾನ ಹೇಳಿಕೊಂಡೆ. ಆದರೆ ತಿಪಟೂರಿನಲ್ಲಿ ಕಾಫಿಗೆ ನಿಂತಾಗ ಭಾವ ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿ, "ಇಲ್ಲಿ ನೋಡು ಮಾರಾಯ, ಗರಗಸದ ಹಲ್ಲಿನ ಹಾಗೆ ಎದ್ದಿದೆ" ಎಂದರು. ಒಂದು ಕಡೆಯಿಂದ ಸವರಿದರೆ ನುಣುಪು, ಇನ್ನೊಂದು ಕಡೆಯಿಂದ ಸವರಿದರೆ ಬೆರಳಿಗೆ ತರಚುವಷ್ಟು ಒರಟು. ಟೈರು ಉರುಳುವ ಜೊತೆಗೆ ಅಡ್ಡಕ್ಕೂ ಉಜ್ಜಿಕೊಂಡು ಬರುತ್ತಿತ್ತು.

ಭಾನುವಾರವಾದರೂ ಅರಸೀಕೆರೆ ರಸ್ತೆಯಲ್ಲಿ ಒಂದು ಗ್ಯಾರೇಜು ತೆರೆದಿತ್ತು. ಅಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಹಿಂದೆ ಸ್ಕೂಟರುಗಳಿಗೆ ಸೈಡ್‌ಕಾರ್ ಜೋಡಿಸುವ ಕೆಲಸ ಮಾಡಿದವರಂತೆ. ನಾನು ಚೀಲ ಇಳಿಸಲು ಹೋದಾಗ, "ಬ್ಯಾಡಿ ಸಾರ್, ಭಾರ ಇದ್ದಾಗ್ಲೇ ನೋಡ್ಬೇಕು, ನೀವೂ ಹತ್ತಿ ಕೂತ್ಕಳಿ" ಎಂದರು. ಪಕ್ಕದ ಕಟ್ಟಡದಿಂದ, ಗಾರೆಯವರು ಗೋಡೆ ಮಟ್ಟ ಮಾಡುವ ಉದ್ದನೆಯ ಅಲ್ಯುಮಿನಿಯಂ ಪಟ್ಟಿಗಳನ್ನು ಎರಡು ತರಿಸಿದರು. ಒಂದನ್ನು ಬೈಕಿನ ಎರಡೂ ಚಕ್ರಗಳಿಗೆ ತಾಗಿಸಿ ಇಟ್ಟಿಗೆಯ ಮೇಲೆ ಮಲಗಿಸಿದರು, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ ತಾಗಿಸಿದರು. ಎರಡು ಪಟ್ಟಿಗಳ ನಡುವಿನ ಅಂತರವನ್ನು ಬೈಕಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಟೇಪು ಹಿಡಿದು ಅಳೆದರು. ಮುಂದಿನ ಅಂತರ ಹಿಂದಿನದಕ್ಕಿಂತ ತುಸು ಕಡಿಮೆ ಇರಬೇಕು, ಅಂದರೆ ಸೈಡ್‌ಕಾರಿನ ಚಕ್ರ ಬೈಕಿನ ಕಡೆಗೆ ಸ್ವಲ್ಪ ಮುಖ ಮಾಡಿರಬೇಕು. ನಮ್ಮದರಲ್ಲಿ 12 ಮಿಲಿಮೀಟರ್ ಹೆಚ್ಚೇ ಇತ್ತು, ಚಕ್ರ ಹೊರಗೆ ಮುಖ ಮಾಡಿ ನಮ್ಮನ್ನು ಬೆಂಗಳೂರಿನಿಂದ ಚರಂಡಿಯ ಕಡೆಗೇ ಎಳೆದುಕೊಂಡು ಬಂದಿತ್ತು.

ಆಮೇಲೆ ಅವರು ಒಂದು ದಾರಕ್ಕೆ ನಟ್ಟು ಕಟ್ಟಿ ಹ್ಯಾಂಡಲಿನ ನಡುವಿನಿಂದ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿದರು. ಬೈಕು ಸೈಡ್‌ಕಾರಿಗೆ ವಿರುದ್ಧವಾಗಿ, ಬಲಕ್ಕೆ, ಕಂಡೂ ಕಾಣದಷ್ಟು ವಾಲಿರಬೇಕು. ಸೈಡ್‌ಕಾರಿನ ಎಳೆತಕ್ಕೆ ಆ ವಾಲಿಕೆಯೇ ಉತ್ತರ. ನಮ್ಮ ಗಾಡಿ ಎಡಕ್ಕೆ ವಾಲಿತ್ತು. ಮೇಲಿನ ಸರಳುಗಳ ತಿರುಪನ್ನು ಅರ್ಧರ್ಧ ಸುತ್ತು ತಿರುಗಿಸುವುದು, ದಾರ ನೋಡುವುದು, ಪಟ್ಟಿ ಇಟ್ಟು ಅಳೆಯುವುದು, ಮತ್ತೆ ತಿರುಗಿಸುವುದು. ಒಂದನ್ನು ಸರಿಮಾಡಿದರೆ ಇನ್ನೊಂದು ಸರಿಯುತ್ತಿತ್ತು. ಮೂರೂವರೆ ತಾಸು ಅವರು ಒಮ್ಮೆಯೂ ಬೇಸರ ಪಡಲಿಲ್ಲ. ಮುಂದಿನ ಅಂತರ ಹಿಂದಿನದಕ್ಕಿಂತ 15 ಮಿಲಿಮೀಟರ್ ಕಡಿಮೆಯಾದಾಗ ನಟ್ಟುಗಳನ್ನು ಬಿಗಿದು, ಪ್ರತಿಯೊಂದರ ಮೇಲೂ ಬಿಳಿ ಬಣ್ಣದ ಒಂದು ಗೀಟು ಎಳೆದು, ಗೀಟು ಜರುಗಿದರೆ ನಟ್ಟು ಸಡಿಲಾಗಿದೆ ಎಂದು ತಿಳಿಯಿರಿ, 50 ಕಿಲೋಮೀಟರಿಗೊಮ್ಮೆ ನಿಂತು ನೋಡಿ ಎಂದು ಹೇಳಿದರು. ಮಾರಿದವರು ಮಾಡಬೇಕಾಗಿದ್ದ ಕೆಲಸ ಇದು. ಸೈಡ್‌ಕಾರ್ ಕೊಳ್ಳುವವರು ಅಂಗಡಿಯಲ್ಲೇ, ಭಾರವಿಟ್ಟು, ಈ ಎರಡು ಅಳತೆಗಳನ್ನು ಕಣ್ಣೆದುರು ಹಿಡಿಸಿ ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಅದು ಬೇರೆಯೇ ಗಾಡಿ. ಅರಸೀಕೆರೆ ದಾಟಿ ಕಡೂರಿನವರೆಗೆ 45ರ ವೇಗದಲ್ಲಿ, ಒಂದು ಕೈಯ ಬೆರಳುಗಳಲ್ಲಿ ಹಿಡಿದರೂ ನೇರ ಓಡಿತು. ಕತ್ತಲಲ್ಲಿ ಓಡಿಸುವುದು ಬೇಡವೆಂದು ಕಡೂರಿನಲ್ಲಿ ಉಳಿದುಕೊಂಡು, ಮರುದಿನ ಬೀರೂರು, ತರೀಕೆರೆ, ಭದ್ರಾವತಿಗಳನ್ನು ದಾಟಿ ಶಿವಮೊಗ್ಗ ತಲುಪಿದಾಗ ಊಟದ ಹೊತ್ತು.

ಗಾಜನೂರು, ಸಕ್ರೆಬೈಲು ಕಳೆದು ಕಾಡಿನೊಳಗೆ ರಸ್ತೆ ಹೊರಳತೊಡಗಿದಾಗ ಖಾಲಿ ಲೇಔಟಿನ ಪಾಠ ಕೆಲಸಕ್ಕೆ ಬಂತು. ಎಡ ತಿರುವಿಗೆ ಮೊದಲೇ ಗೇರು ಇಳಿಸಿ, ನಿಧಾನವಾಗಿ ಒಳಹೊಕ್ಕು, ತಿರುವಿನ ನಡುವೆ ಬ್ರೇಕ್ ಮುಟ್ಟದೆ ಹೊರಬರುವುದು. ಬಲ ತಿರುವಿನಲ್ಲಿ ಭಾರ ಸೈಡ್‌ಕಾರಿನ ಚಕ್ರದ ಮೇಲೆ ಕೂತು ಗಾಡಿ ನೆಲಕ್ಕೆ ಅಂಟಿದಂತಿರುತ್ತದೆ, ಆದರೆ ಆ ಧೈರ್ಯದಲ್ಲಿ ವೇಗ ಹೆಚ್ಚಿಸಬಾರದು. ಹೊಂಡ ತಪ್ಪಿಸುವುದೂ ಬೇರೆಯೇ ಲೆಕ್ಕ. ಬೈಕಿಗೆ ಒಂದೇ ಜಾಡು. ಇಲ್ಲಿ ಮುಂದಿನ ಚಕ್ರ ತಪ್ಪಿಸಿಕೊಂಡ ಹೊಂಡಕ್ಕೆ ಸೈಡ್‌ಕಾರಿನ ಚಕ್ರ ಬೀಳುತ್ತದೆ, ಬಿದ್ದಾಗ ಪೆಟ್ಟು ತಿನ್ನುವುದು ಅದರಲ್ಲಿ ಕೂತವರ ಬೆನ್ನು. ಮೊದಲ ದಿನ ಚೀಲ ಎಷ್ಟು ಸಲ ಎಗರಿತು ಎಂದು ಎಣಿಸಿದ್ದೆ. ಎರಡನೆಯ ದಿನ ಶಿವಮೊಗ್ಗದಿಂದ ಮಂಡಗದ್ದೆಯವರೆಗೆ ಅದು ಎಗರಿದ್ದು ನಾಲ್ಕೇ ಸಲ.

ಕಡೆಯ ಪರೀಕ್ಷೆ ಇದ್ದದ್ದು ಡಾಂಬರು ಬಿಟ್ಟು ಮನೆಗೆ ಇಳಿಯುವ ಮಣ್ಣು ದಾರಿಯಲ್ಲಿ. ಜೀಪುಗಳು ಓಡಾಡಿ ಎರಡು ಜಾಡು ಬಿದ್ದು, ನಡುವೆ ಹುಲ್ಲಿನ ದಿಂಡು ಎದ್ದಿದೆ. ಸೈಡ್‌ಕಾರಿನ ಚಕ್ರಕ್ಕೂ ಬೈಕಿನ ಚಕ್ರಕ್ಕೂ ಇರುವ ಅಂತರ ಜೀಪಿನದಕ್ಕಿಂತ ಕಡಿಮೆಯಾದ್ದರಿಂದ ಎರಡೂ ಜಾಡುಗಳಲ್ಲಿ ಒಟ್ಟಿಗೆ ಇಳಿಯಲು ಬರುವುದಿಲ್ಲ. ಬೈಕನ್ನು ಬಲ ಜಾಡಿಗೆ ಇಳಿಸಿದರೆ ಎಡಚಕ್ರ ದಿಂಡು ಹತ್ತಿ ಗಾಡಿ ದರೆಯ, ಅಂದರೆ ಪಕ್ಕದ ಮಣ್ಣಿನ ದಿಬ್ಬದ, ಕಡೆಗೆ ವಾಲಿತು. ಹಿಂದೆ ತೆಗೆದು, ಸೈಡ್‌ಕಾರನ್ನು ಎಡ ಜಾಡಿಗೆ ಬಿಟ್ಟು ಬೈಕನ್ನು ದಿಂಡಿನ ಮೇಲೆ ಓಡಿಸಿದಾಗ ನಾನೇ ಎತ್ತರದಲ್ಲಿದ್ದರೂ ಚೀಲ ಅಲುಗಲಿಲ್ಲ. ಈಗಲೂ ಹಾಗೆಯೇ ಓಡಿಸುತ್ತೇನೆ.

ಭಾವ ಮುಂದೆ ಹೋಗಿ ಬೇಲಿಬಾಗಿಲಿನ ಉಣುಗೋಲು ಸರಿಸಿದರು. ಅಪ್ಪಯ್ಯ ಸದ್ದು ಕೇಳಿ ಆಗಲೇ ಜಗಲಿಯಿಂದ ಇಳಿದು ಕೋಲೂರಿ ನಿಂತಿದ್ದರು. ಎಂಜಿನ್ ನಿಲ್ಲಿಸಿ ಚೀಲದ ಹಗ್ಗ ಬಿಚ್ಚುತ್ತಿರುವಾಗ, "ಅದೆಂತ, ಮರಳು?" ಎಂದು ಕೇಳಿದರು. "ನಿಮ್ಮ ತೂಕದ್ದು" ಎಂದೆ. ಅವರು ಚೀಲವನ್ನು ಕೋಲಿನ ತುದಿಯಿಂದ ಒಮ್ಮೆ ಒತ್ತಿ ನೋಡಿ, ಸುಮ್ಮನೆ ತಲೆಯಾಡಿಸಿದರು. ಮರಳನ್ನು ಅಂಗಳದ ಮೂಲೆಯಲ್ಲಿ ಸುರಿದೆವು.

ಮರುದಿನ ಬೆಳಿಗ್ಗೆ ಮಂಜು ಹರಿದ ಮೇಲೆ ಅಮ್ಮ ಅವರಿಗೆ ಹೊಸ ಹೆಲ್ಮೆಟ್ಟಿನ ಪಟ್ಟಿ ಕಟ್ಟಿದರು. ಬಲಗಾಲನ್ನು ಒಳಗಿಟ್ಟು, ನನ್ನ ಹೆಗಲು ಹಿಡಿದು ತಿರುಗಿ ಕೂತು, ಎಡಗಾಲನ್ನು ಕೈಯಿಂದ ಎತ್ತಿ ಒಳಗೆ ತೆಗೆದುಕೊಳ್ಳಲು ಎರಡು ನಿಮಿಷ ಹಿಡಿಯಿತು. ಮೇಲಿನ ತೋಟಕ್ಕೆ ಹೋಗುವ ಒಂದೂವರೆ ಕಿಲೋಮೀಟರನ್ನು ಮೊದಲ ಗೇರಿನಲ್ಲೇ ಮುಗಿಸಿದೆ. ದರೆಯ ಮೇಲೆ ನಿಲ್ಲಿಸಿದಾಗ ಅವರು ಬಹಳ ಹೊತ್ತು ಮಾತಾಡದೆ ಅಡಿಕೆ ಮರಗಳ ತಲೆಗಳನ್ನು ಸಾಲಿನಿಂದ ಸಾಲಿಗೆ ನೋಡಿದರು. ಎಲೆಚುಕ್ಕಿ ರೋಗದ ಸುದ್ದಿಯನ್ನು ಅವರು ಕೇಳಿದ್ದರೇ ಹೊರತು ನಮ್ಮ ತೋಟದಲ್ಲಿ ಕಣ್ಣಾರೆ ಕಂಡಿರಲಿಲ್ಲ. ಬಲಗೈಯೆತ್ತಿ ಹಳ್ಳದ ಕಡೆಯ ಮೂರು ಸಾಲುಗಳನ್ನು ತೋರಿಸಿ, ಕೆಳಗಿನ ಸೋಗೆಗಳನ್ನು ಈ ವಾರವೇ ಕತ್ತರಿಸಿ ಸುಡಿಸು, ಮಳೆ ಹಿಡಿಯುವವರೆಗೆ ಕಾಯಬೇಡ ಎಂದರು. ಆಮೇಲೆ, ಆಚೆ ಬದಿಯಿಂದಲೂ ಒಮ್ಮೆ ನೋಡಬೇಕು, ಗಾಡಿ ತಿರುಗಿಸು ಎಂದರು.