ಕಂಬಕ್ಕೆ ಕಟ್ಟಿದರೂ ಜಗಳ

ರಾತ್ರಿ ನಿದ್ದೆ ಬರದೆ ಸುಮ್ನೆ ಒಂದು ಜರ್ಮನ್ ಸಿನಿಮಾ ಹಾಕಿದೆ. 2001ರ 'ಡೇರ್ ಶೂ ಡೆಸ್ ಮಾನಿಟು'. ಕೌಬಾಯ್ ಕಥೆ. ಆದರೆ ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ಮಾತಾಡೋದು ದಕ್ಷಿಣ ಜರ್ಮನಿಯ ಬವೇರಿಯಾ ಕಡೆಯ ಜರ್ಮನ್! ಜರ್ಮನಿಯಲ್ಲೇ 1 ಕೋಟಿಗೂ ಜಾಸ್ತಿ ಜನ ಥಿಯೇಟರ್‌ಗೆ ಹೋಗಿ ನೋಡಿದ್ದರಂತೆ.

ಆ ನಾಯಕ ಅಬಹಾಚಿ, ಜೊತೆಗೆ ರೇಂಜರ್ ಅಂತ ಇಬ್ಬರು ಗೆಳೆಯರು. ಸಾಲ ಮಾಡಿ ಸಲೂನ್ ಕೊಳ್ಳುತ್ತಾರೆ (ಕಟಿಂಗ್ ಶಾಪ್ ಅಲ್ಲ, ಬಾರ್). ನೋಡಿದರೆ ಮುಂದಿನ ಗೋಡೆ ಬಿಟ್ಟು ಹಿಂದೆ ಏನೂ ಇಲ್ಲ! ಮಾರಿದವನೇ ಶೊಶೋನಿ ಅನ್ನೋ ಇನ್ನೊಂದು ಬುಡಕಟ್ಟಿನ ನಾಯಕನ ಮಗನನ್ನು ಕೊಂದು ಇವರ ತಲೆಗೆ ಕಟ್ಟುತ್ತಾನೆ. ಇಂಥ ಕಥೆಗಳಲ್ಲಿ ಯುದ್ಧ ಸಾರಲು ಹೂತಿಟ್ಟ ಕೊಡಲಿ ತೆಗೆಯೋದು ರೂಢಿ; ಇಲ್ಲಿ ಶೊಶೋನಿಗಳು ನೆಲ ಅಗೆದು ತೆಗೆಯೋದು ಕೊಡಲಿಯಲ್ಲ, ಮಡಚುವ ಕುರ್ಚಿ. ನಾನು ನಕ್ಕ ರಭಸಕ್ಕೆ ಅಮ್ಮ ಎದ್ದು ಬಂದರು.

ಸಾಲ ತೀರಿಸಲು ನಿಧಿ ಬೇಕು. ಅದರ ನಕ್ಷೆ ನಾಲ್ಕು ತುಂಡಾಗಿ ನಾಲ್ಕು ಜನರ ಹತ್ತಿರ.

ನನಗೆ ಹಿಡಿಸಿದ್ದು ಮಾತ್ರ ಕಂಬದ ಸೀನ್. ಶೊಶೋನಿಗಳು ಸಾಯಿಸಲು ಕಟ್ಟಿಹಾಕಿದ್ದಾರೆ, ಇವರಿಬ್ಬರು ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದಾರೆ. ಕಾಲೇಜಿನಲ್ಲಿ ಕಿಟಕಿ ಗಾಜು ಒಡೆದ ಆರೋಪ ಬಂದಾಗ ಪ್ರಿನ್ಸಿಪಾಲರ ಮುಂದೆ ನಾನೂ ಗೆಳೆಯನೂ ಮಾಡಿದ್ದು ಅದನ್ನೇ ಅಲ್ವಾ! ಒಡೆದವನು ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದ.