ಗೋಲಿ ಅಂದ್ಕೊಂಡಿದ್ದು ಕೋವಿ ಗುಂಡು

ಗಿಡ ನೆಡೋಕೆ ಗುಂಡಿ ತೋಡ್ತಿದ್ದಾಗ ಗುದ್ದಲಿಗೆ ಏನೋ ಟಕ್ ಅಂತು. ಕಲ್ಲು ಅಂತ ಎತ್ತಿ ಬಿಸಾಕೋಕೆ ಹೋದ್ರೆ ಕೈಗೆ ಭಾರ, ಗೋಲಿ ಸೈಜ್‌ಗೆ ಇಷ್ಟು ತೂಕ ಯಾಕಿದೆ ಅಂತ ನೋಡಿದ್ರೆ ಮೈಯೆಲ್ಲ ಸುಣ್ಣ ಬಳಿದ ಹಾಗೆ ಬೂದು ಬಿಳುಪು, ಒಂದು ಪಕ್ಕ ಚಪ್ಪಟೆ. ಮ್ಯಾಗ್ನೆಟ್ ಹಿಡಿದೆ, ಅಂಟಲಿಲ್ಲ. ಹಂಗಾದ್ರೆ ಕಬ್ಬಿಣ ಅಲ್ಲ, ಬೇರಿಂಗ್ ಬಾಲೂ ಅಲ್ಲ. ಖುಷಿಗೆ ತಂತಿ ಬ್ರಶ್ ತಗೊಂಡು ಉಜ್ಜೋಕೆ ಶುರು ಮಾಡ್ದೆ, ಸ್ವಲ್ಪ ಹೊಳೀತಿದ್ದಂಗೆ ಫೋಟೋ ತೆಗೆದು ಆರ್ಕಿಯಾಲಜಿ ಓದಿರೋ ದೊಡ್ಡಪ್ಪನ ಮಗಳಿಗೆ ಕಳಿಸ್ದೆ.

ಫೋನ್ ಬಂತು. "ಉಜ್ಜಬೇಡ ಮಾರಾಯ! ಆ ಬಿಳಿ ಪದರ ಸೀಸ ಮಣ್ಣಲ್ಲಿ ವರ್ಷಾನುಗಟ್ಟಲೆ ಇದ್ದಿದ್ದಕ್ಕೆ ಕಟ್ಟಿರೋದು. ಮೊದ್ಲು ಕೈ ತೊಳ್ಕೋ, ಸೀಸ ವಿಷ."

ಕೈ ತೊಳ್ಕೊಂಡು ಬಂದ್ಮೇಲೆ ಪಾಠ ಶುರು. ಲೆನ್ಸ್ ಹಿಡಿದು ನೋಡು ಅಂದ್ಳು. ಉಜ್ಜದೇ ಉಳಿದಿದ್ದ ಕಡೆ ಸಣ್ಣ ಕೂದಲಿನಂಥ ಗೆರೆ ಕಾಣ್ತು, ಅದು ಎರಡು ಹೋಳಿನ ಅಚ್ಚು ಕೂಡಿದ ಜಾಗವಂತೆ, ಅದರ ಮೇಲೇ ಒಂದು ಪುಟ್ಟ ಮಚ್ಚೆ, ಸೀಸ ಹುಯ್ದ ಬಾಯಿ ಕತ್ತರಿಸಿದ್ದು. ಚಪ್ಪಟೆ ಆಗಿರೋದು ಎಲ್ಲೋ ಗಟ್ಟಿಯಾಗಿ ಬಡಿದಿದ್ದಕ್ಕೆ, ಅಂದ್ರೆ ಇದು ಹಾರಿದ ಗುಂಡು, ಜೇಬಿಂದ ಬಿದ್ದಿದ್ದಲ್ಲ! ಅದನ್ನ ಕೇಳಿ ನಂಗೆ ಒಂಥರಾ ಆಯ್ತು, ಯಾರಿಗೆ ಬಡೀತೋ ಏನೋ.

ಚಪ್ಪಟೆ ಆಗಿದ್ರೆ ವ್ಯಾಸ ಅಳೆಯೋ ಕ್ಯಾಲಿಪರ್ ಹಿಡಿದು ಪ್ರಯೋಜನ ಇಲ್ಲ, ತೂಕದಿಂದ ಲೆಕ್ಕ ಹಾಕ್ಬೇಕು. ಗ್ರಾಮಿನ ಘನಮೂಲ ತೆಗೆದು 5.5ರಿಂದ ಗುಣಿಸಿದ್ರೆ ಸೀಸದ ಗುಂಡಿನ ವ್ಯಾಸ ಮಿಲಿಮೀಟರ್‌ನಲ್ಲಿ ಹೆಚ್ಚುಕಡಿಮೆ ಸಿಗುತ್ತೆ. ನಂದು 31 ಗ್ರಾಂ, ಸುಮಾರು 17.3 ಮಿ.ಮೀ. ಬಂತು. ಬ್ರಿಟಿಷರ ಬ್ರೌನ್ ಬೆಸ್ ಕೋವಿ ನಳಿಕೆ 19 ಮಿ.ಮೀ., ಅದರ ಗುಂಡು 17.5ರ ಹತ್ತಿರ. ಮದ್ದಿನ ಮಸಿ ನಳಿಕೆಯೊಳಗೆ ಕಟ್ಕೊಳ್ಳುತ್ತಲ್ಲ, ಅದಕ್ಕೇ ಗುಂಡು ಸಡಿಲವಾಗಿರಬೇಕು. ಫ್ರೆಂಚರ 1777ರ ಕೋವಿ ನಳಿಕೆನೇ 17.5, ಅದಕ್ಕೆ ನಂದು ಹೋಗೋದು ಕಷ್ಟ.

ಪತ್ತೆ ಆಯ್ತು ಅಂತ ನಾನು ಉಬ್ಬಿಹೋದೆ, ಹಂಗಾದ್ರೆ ಇಸವಿ ಹೇಳಕ್ಕ ಅಂದೆ. ಅವಳು ನಕ್ಕಳು. ಬ್ರೌನ್ ಬೆಸ್ ಒಂದೇ ನೂರು ವರ್ಷಕ್ಕೂ ಹೆಚ್ಚು ಓಡಿದೆ, ಅದೇ ಅಳತೆ ಗುಂಡು ಬೇರೆ ಕೋವಿಗೂ ಹಾಕ್ತಿದ್ರು, ಬೇಟೆಯವರೂ ಮನೇಲೇ ಅಚ್ಚು ಹುಯ್ಕೋತಿದ್ರು. ಉದ್ದನೆಯ, ಹಿಂದೆ ಟೊಳ್ಳಾದ ಮಿನಿಯೆ ಗುಂಡಾಗಿದ್ರೆ 1840ರ ದಶಕದ ಕೊನೆಗಿಂತ ಹಿಂದಿನದಲ್ಲ ಅಂತಾದ್ರೂ ಹೇಳ್ಬಹುದಿತ್ತಂತೆ. ಉರುಟು ಗುಂಡಿಗೆ ಆ ಭಾಗ್ಯ ಇಲ್ಲ.

"ಎಷ್ಟು ಆಳದಲ್ಲಿ ಸಿಕ್ತೋ? ಪಕ್ಕದಲ್ಲಿ ಮಡಕೆ ಚೂರು, ನಾಣ್ಯ, ಅಂಗಿ ಗುಂಡಿ ಏನಾದ್ರೂ ಇತ್ತಾ?"

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಗುಂಡಿ ಮುಚ್ಚಿಯಾಗಿತ್ತು, ಗಿಡಕ್ಕೆ ನೀರೂ ಹಾಕಿಯಾಗಿತ್ತು.